ತುಟಿಯ ಮೇಲಿನ ನಾಗೀಣ

ಖಾನಾಪುರದ ರೈಲ್ವೆ ಗೇಟು ದಾಟಿ ಮಲಪ್ರಭೆಯ ಕಡೆಗೆ ಇಳಿಯುವ ದಾರಿಯಲ್ಲಿ ಕುರುಬರ ಭರಮಣ್ಣನ ಮನೆ. ಆ ಮನೆಯ ಉಣ್ಣೆ ಕೋಣೆಯಲ್ಲಿ ಅವನ ಮಗಳು ಪ್ರಮಿಳಾ ಕೂತು ಅಂದಿಗೆ ಮೂರನೆಯ ದಿನ. ಹೆತ್ತು ಹದಿನೇಳು ದಿನವಾದ ಬಾಣಂತಿ. ಕೂಸು ಪಡಸಾಲೆಯಲ್ಲಿ, ತಾಯಿ ಇಲ್ಲಿ. ನಡುವೆ ಒಂದು ಕದ, ಅದಕ್ಕೆ ಆಚೆಯಿಂದ ಚಿಲಕ. ಕೂಸು ಅತ್ತಾಗಲೆಲ್ಲ ಅವಳ ಎದೆಯಿಂದ ಹಾಲು ತಾನಾಗಿ ಇಳಿದು ಕುಪ್ಪಸ ತೊಯ್ಯುತ್ತಿತ್ತು. ಮೊದಲ ದಿನ ಕದ ಬಡಿದಿದ್ದಳು. ಎರಡನೆಯ ದಿನ ಕದಕ್ಕೆ ಹಣೆ ಆನಿಸಿ ಬೇಡಿಕೊಂಡಿದ್ದಳು. ಈಗ ಅಳು ಕೇಳಿದರೆ ಉಣ್ಣೆಯ ಮೂಟೆಯೊಂದನ್ನು ಎದೆಗೆ ಒತ್ತಿ ಹಿಡಿದು, ಅಳು ನಿಲ್ಲುವ ತನಕ ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಕೆಳತುಟಿಯ ಅಂಚಿಗೆ ಎದ್ದಿದ್ದ ನಾಲ್ಕು ಗುಳ್ಳೆ. ನಾಲ್ಕನ್ನೂ ಕೂಡಿಸಿದರೆ ಒಂದು ಜೋಳದ ಕಾಳಿನಷ್ಟು.

ಹೆತ್ತ ಹನ್ನೆರಡನೆಯ ದಿನಕ್ಕೆ ಅವಳಿಗೆ ಚಳಿಜ್ವರ ಬಂದಿತ್ತು. ಜ್ವರ ಇಳಿಯುವಾಗ ತುಟಿ ಮೊದಲು ಚುಮುಚುಮು ಅಂತು, ಆಮೇಲೆ ಉರಿಯಿತು, ಮರುದಿನ ನೀರು ತುಂಬಿದ ಗುಳ್ಳೆ ಎದ್ದವು. ಅವ್ವ ಸತ್ಯವ್ವ ನೋಡಿ, "ಜ್ವರದ ಗುಳ್ಳಿ ಬಿಡ. ನಂಗೂ ವರ್ಷಕ್ಕೆರಡು ಸಲ ಬರತೈತಿ. ತುಪ್ಪಾ ಸವರಿಕೋ, ಹೋಗತೈತಿ," ಅಂದಿದ್ದಳು. ಹಾಗೇ ಬಿಟ್ಟಿದ್ದರೆ ಅದು ಜ್ವರದ ಗುಳ್ಳೆಯಾಗಿಯೇ ಉಳಿಯುತ್ತಿತ್ತು. ಆದರೆ ಬಾಣಂತಿಗೆ ಜ್ವರ ಬಂದದ್ದು ಒಳ್ಳೆಯದಲ್ಲ, ಒಮ್ಮೆ ತೋರಿಸಿಕೊಂಡು ಬರೋಣ ಎಂದು ಅಣ್ಣ ರಾಮಲಿಂಗ ಹಟ ಹಿಡಿದ. ಅವನು ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಂದು ಬೆಲ್ಲದ ಅಂಗಡಿಯಲ್ಲಿ ತೂಕಕ್ಕೆ ನಿಲ್ಲುವವನು, ಪೇಟೆ ತಿಳಿದವನು. ಅವ್ವ, ಅಣ್ಣ, ಬಾಣಂತಿ, ಕೂಸು, ನಾಲ್ವರೂ ಬೆಳಗಿನ ಬಸ್ಸಿಗೆ ಹತ್ತಿ ಶಿವಬಸವ ನಗರದ ದವಾಖಾನೆಗೆ ಹೋದರು.

ಅಲ್ಲಿಯ ಡಾಕ್ಟರ್ ಹೆಂಗಸು, ಜನ ಡಾಕ್ಟರ್ ಬಾಯಿ ಅನ್ನುವವಳು, ಜ್ವರ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಕೊನೆಗೆ ತುಟಿ ನೋಡಿದಳು. ತುಟಿ ನೋಡಿದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕೂಸಿಗೆ ಮುದ್ದು ಕೊಟ್ಟೀರೇನು, ಇದು ಎದ್ದ ಮ್ಯಾಲೆ?"

"ಇಲ್ರಿ. ಉರೀತಿತ್ತು, ಹಂಗಾಗಿ ಕೊಟ್ಟಿಲ್ರಿ."

"ಚಲೋ ಆತು. ಕೊಡಬ್ಯಾಡ್ರಿ. ದೊಡ್ಡವ್ರಿಗೆ ಇದು ಏನೂ ಅಲ್ಲ, ಎಂಟು ದಿನಕ್ಕ ಒಣಗಿ ಹೋಗತೈತಿ. ತಿಂಗಳದೊಳಗಿನ ಕೂಸಿಗೆ ಹತ್ತಿದ್ರ ಮಾತ್ರ ಜೀವಕ್ಕ ಬರತೈತಿ. ಹಾಲು ಬಿಡಿಸಬ್ಯಾಡ್ರಿ, ಎದಿ ಮ್ಯಾಲ ಗುಳ್ಳಿ ಇಲ್ಲ, ಹಾಲಿಗೆ ಏನೂ ಆಗೂದಿಲ್ಲ. ಕೈ ಸಾಬೂನು ಹಚ್ಚಿ ತೊಳಕೋರಿ, ಬಾಯಿಗೆ ಅರಿವಿ ಕಟ್ಕೊಂಡ ಕುಡಸ್ರಿ. ಈ ಮುಲಾಮು ಬರದೀನಿ. ದಿನಕ್ಕ ಐದು ಸಲ, ಐದು ದಿನ. ಮತ್ತ ಇದು ನಿಮಗಷ್ಟ ಅಲ್ಲ. ಮನ್ಯಾಗ ಯಾರ ತುಟೀಗೆ ಎದ್ರೂ ಕೂಸಿನ ಹಂತೇಕ ಬಾಯಿ ತರಬಾರದು. ಕೂಸು ಹಾಲು ಬಿಟ್ಟು ಮಂಕಾಗಿ ಮಲಗಿದ್ರ, ಮೈ ಬಿಸಿ ಆದ್ರ, ಕೂಡಲೇ ಎತ್ಕೊಂಡ ಬರ್ರಿ."

ಇದೆಲ್ಲ ಕೇಳಿದವಳು ಪ್ರಮಿಳಾ ಒಬ್ಬಳೇ. ಅವ್ವ ಹೊರಗೆ ಬೇವಿನ ಗಿಡದ ಕೆಳಗೆ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದಳು. ಅಣ್ಣ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದ. ದಿನವೆಲ್ಲ ಮರಾಠಿಯಲ್ಲಿ ವ್ಯವಹಾರ ಮಾಡುವವನು ಅಂಗಡಿಯವನನ್ನೂ ಮರಾಠಿಯಲ್ಲೇ ಕೇಳಿದ, ಇದು ಯಾವ ಬ್ಯಾನಿಗೆ ಅಂತ. ಅಂಗಡಿಯವನು ಬೆರಳುದ್ದದ ಟ್ಯೂಬನ್ನು ಕಾಗದದ ಚೀಲಕ್ಕೆ ಹಾಕುತ್ತ, "ನಾಗೀಣ ಮ್ಹಣತಾತ ನಾ, ತಿಚಂ ಔಷಧ," ಅಂದ. ನಾಗೀಣ ಅನ್ನುತ್ತಾರಲ್ಲ, ಸರ್ಪಸುತ್ತು, ಅದರ ಔಷಧ. ಅವನು ಸುಳ್ಳು ಹೇಳಲಿಲ್ಲ. ಸೊಂಟಕ್ಕೆ, ಪಕ್ಕೆಗೆ ಪಟ್ಟಿಯಂತೆ ಸುತ್ತಿಕೊಂಡು ಏಳುವ ಆ ಗುಳ್ಳೆಗೂ ಜನ ಅದೇ ಮುಲಾಮು ಒಯ್ಯುತ್ತಿದ್ದರು.

ರಾಮಲಿಂಗ ಗಿಡದ ಕೆಳಗೆ ಬಂದು ಅವ್ವನಿಗೆ ಆ ಒಂದು ಮಾತನ್ನು ಒಪ್ಪಿಸಿದ.

ಖಾನಾಪುರದ ಕಡೆ ನಾಗೀಣ ಅಂದರೆ ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ಅದು ಮೈಮೇಲೆ ಹಾವಿನಂತೆ ಹರಿಯುತ್ತದೆ; ತಲೆ ಬಾಲ ಕೂಡಿದ ದಿನ ಮನುಷ್ಯ ಉಳಿಯುವುದಿಲ್ಲ. ಸತ್ಯವ್ವನ ಚಿಕ್ಕಪ್ಪ ಹಾಗೇ ಹೋದದ್ದು. ಸೊಂಟವಾದರೆ ಅಗಲ ಉಂಟು, ಸುತ್ತಿ ಬರಲು ಹದಿನೈದು ದಿನವಾದರೂ ಹಿಡಿಯುತ್ತದೆ. ಬಾಯಿ ಎಷ್ಟು ಅಗಲ? ಬಸ್ಸಿನಲ್ಲಿ ಸತ್ಯವ್ವ ಮಗಳ ಮುಖವನ್ನೇ ನೋಡುತ್ತ, ಕೂಸನ್ನು ಅವಳಿಗೆ ಕೊಡದೆ ತಾನೇ ಹಿಡಿದು ಕೂತಳು. ಪ್ರಮಿಳಾ ಡಾಕ್ಟರ್ ಬಾಯಿಯ ಮಾತನ್ನು ಒಂದೂ ಬಿಡದೆ ಹೇಳಿದಳು.

"ಜೀವಕ್ಕ ಬರತೈತಿ ಅಂದಳೋ ಇಲ್ಲೋ?" ಅಂದಳು ಸತ್ಯವ್ವ.

"ಮುದ್ದು ಕೊಟ್ರ ಅಂದಳು ಬೇ. ಹಾಲು ಕುಡಸ್ರಿ ಅಂದಳು."

"ನಾಗೀಣ ಆದ ಬಾಣಂತಿ ಹಾಲು ಕುಡಸೂದನ್ನ ನಾ ಈ ಕಣ್ಣಾಗ ನೋಡಾಂಗಿಲ್ಲ. ನೀನೂ ಉಳೀಬೇಕು, ಕೂಸೂ ಉಳೀಬೇಕು. ಸುಮ್ಮ ಕುಂದರು."

ಹೀಗೆ ಪ್ರಮಿಳಾ ಉಣ್ಣೆ ಕೋಣೆ ಸೇರಿದಳು. ಕುಂಬಾರರ ಕಾಡವ್ವನಿಗೆ ಹೇಳಿಕಳಿಸಿದರು. ನಾಗೀಣಕ್ಕೆ ಕಾವಿ ಹಚ್ಚುವ ಕೈ ಅಂದರೆ ಸುತ್ತ ಹತ್ತು ಊರಿಗೆ ಅವಳದೇ. ಕಲ್ಲಿನ ಮೇಲೆ ಕೆಮ್ಮಣ್ಣು ತೇಯ್ದು, ಬೆರಳಿನಿಂದ ಪ್ರಮಿಳಾಳ ಬಾಯಿಯ ಸುತ್ತ ಬಳೆಯಂತೆ ದಪ್ಪಗೆ ಬಳಿದಳು, ಹಾವು ಅದನ್ನು ದಾಟದಿರಲಿ ಎಂದು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ಒಂಬತ್ತು ದಿನ. ಒಂಬತ್ತು ದಿನ ಕಳೆಯುವ ತನಕ ಕೂಸಿಗೆ ತಾಯಿಯ ನೆರಳು ಬೀಳಬಾರದು. ಇಂಗ್ಲಿಷ್ ಔಷಧ ಇದರ ಜೊತೆ ಕೂಡಬಾರದು. ಕೂಡಿದರೆ ನಾಗೀಣ ಒಳಗೆ ಹೊಗುತ್ತದೆ.

ಕೂಸಿಗೆ ಆಡಿನ ಹಾಲಿಗೆ ನೀರು ಬೆರೆಸಿ, ಹತ್ತಿಯ ಬತ್ತಿಯಲ್ಲಿ ಅದ್ದಿ ಅದ್ದಿ ಹಿಂಡತೊಡಗಿದರು.

ಪ್ರಮಿಳಾ ಟ್ಯೂಬನ್ನು ಉಣ್ಣೆಯೊಳಗೆ ಬಚ್ಚಿಟ್ಟಿದ್ದಳು. ಐದು ಸಲವೆಂದರೆ ಯಾವಾಗ ಯಾವಾಗ ಎಂದು ತಿಳಿಯಲು ಗಡಿಯಾರ ಇರಲಿಲ್ಲ, ರೈಲು ಇತ್ತು. ನಸುಕಿನ ಗಾಡಿ ಲೋಂಡಾ ಕಡೆ ಹೋದಾಗ ಒಮ್ಮೆ, ಮುಂಜಾನೆಯ ಗಾಡಿ ಬೆಳಗಾವಿ ಕಡೆ ಹೋದಾಗ ಒಮ್ಮೆ, ಹೀಗೆ. ಕುಡಿಯಲು ಇಟ್ಟ ನೀರಿನಲ್ಲೇ ಸೆರಗಿನ ತುದಿ ಅದ್ದಿ, ಗುಳ್ಳೆಯ ಮೇಲಿನಷ್ಟೇ ಕಾವಿಯನ್ನು ಮೆಲ್ಲಗೆ ಒರೆಸಿ, ಕಡಲೆಯಷ್ಟು ಮುಲಾಮು ಸವರಿ, ಅದು ಹೀರಿದ ಮೇಲೆ ಪಕ್ಕದ ಕಾವಿಯನ್ನು ಎಳೆದು ಮುಚ್ಚುತ್ತಿದ್ದಳು. ಮುಚ್ಚುವ ಮೊದಲು ಊಟದ ತಾಟನ್ನು ಬೋರಲು ಹಾಕಿ, ಅದರ ಹೊಳಪಿನಲ್ಲಿ ತನ್ನ ಬಾಯಿ ನೋಡಿಕೊಳ್ಳುತ್ತಿದ್ದಳು. ಕೆಂಪು ಬಳೆಯ ನಡುವೆ ಬಾಯಿ ಬಾವಿಯಂತೆ ಕಾಣುತ್ತಿತ್ತು. ಡಾಕ್ಟರ್ ಬಾಯಿಯ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಕೆಲವು ಹೊತ್ತಿನಲ್ಲಿ ಗುಳ್ಳೆ ನಿನ್ನೆಗಿಂತ ಒಂದು ನೂಲು ಬಲಕ್ಕೆ ಸರಿದಂತೆ ಅನ್ನಿಸುತ್ತಿತ್ತು. ಅವ್ವ ಹೇಳುವುದೇ ಖರೆ ಇದ್ದರೆ?

ಮೂರನೆಯ ದಿನ ತಾಟಿನಲ್ಲಿ ನೋಡಿದಾಗ ಗುಳ್ಳೆ ಬತ್ತಿ ಹಳದಿ ಹೊಪ್ಪಳಿಕೆ ಕಟ್ಟಿತ್ತು. ಇನ್ನೆರಡು ದಿನ. ಹೊಪ್ಪಳಿಕೆ ಉದುರಿದರೆ ಯಾರಿಗೆ ಏನು ಹೇಳಲು ಬಂದೀತು? ಅಷ್ಟರಲ್ಲಿ ಎದೆಹಾಲು ಬತ್ತದಿದ್ದರೆ ಸಾಕು. ಎರಡು ಹೊತ್ತು ಹಿಂಡಿ ಹಿಂಡಿ ಮೂಲೆಯ ಬೂದಿಯ ಮೇಲೆ ಚೆಲ್ಲಿದ್ದಳು; ಈಗೀಗ ಹಿಂಡಿದರೂ ಮೊದಲಿನಷ್ಟು ಬರುತ್ತಿರಲಿಲ್ಲ.

ಆ ಮುಂಜಾನೆ ಅವ್ವ ಕದ ತೆರೆದು ಊಟ ಒಳಗೆ ಸರಿಸುವಾಗ ಸೆರಗನ್ನು ಬಾಯಿಗೆ ಹಿಡಿದಿದ್ದಳು.

"ಯವ್ವಾ, ತುಟೀಗೆ ಏನಾತು?"

"ಏನ ಇಲ್ಲ. ಜ್ವರದ ಗುಳ್ಳಿ. ಮೂರು ದಿನ ಆತು ನಿದ್ದಿಲ್ಲ, ಉಷ್ಣ ಆಗೈತಿ."

ಚಿಲಕ ಬಿತ್ತು. ಪ್ರಮಿಳಾ ಕದದ ಬಿರುಕಿಗೆ ಕಣ್ಣು ಹಚ್ಚಿದಳು. ಪಡಸಾಲೆಯಲ್ಲಿ ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಳು. ಬಟ್ಟಲಿನ ಹಾಲಿಗೆ ಬತ್ತಿ ಅದ್ದಿದಳು. ಬಿಸಿ ಎಷ್ಟಿದೆಯೆಂದು ನೋಡಲು ಆ ಬತ್ತಿಯನ್ನು ಮೊದಲು ತನ್ನ ತುಟಿಗೆ ಮುಟ್ಟಿಸಿಕೊಂಡಳು, ಆಮೇಲೆ ಕೂಸಿನ ಬಾಯಿಗೆ ಇಟ್ಟಳು. ಮತ್ತೆ ಅದ್ದಿದಳು. ಮತ್ತೆ ತನ್ನ ತುಟಿಗೆ. ಮತ್ತೆ ಕೂಸಿನ ಬಾಯಿಗೆ.

ಪ್ರಮಿಳಾ ಕದದ ಸಂದಿಗೆ ಬಾಯಿ ಹಚ್ಚಿ, "ಯವ್ವಾ, ಬ್ಯಾಡ. ಆ ಬತ್ತಿ ಬ್ಯಾಡ ಬೇ. ನಿನ್ನ ತುಟಿ ಮ್ಯಾಲೂ ಅದ ಐತಿ," ಅಂದಳು.

"ಯಾವುದು?"

"ನಂದು ಯಾವುದೋ ಅದ."

ಸತ್ಯವ್ವ ತಲೆ ಎತ್ತಲಿಲ್ಲ. "ನಂದು ಜ್ವರದ ಗುಳ್ಳಿ. ನೀ ಹುಟ್ಟೂಕಿಂತ ಮೊದಲಿಂದ ಬರತೈತಿ. ನಿಂಗ ನೀ ಒಳಗ, ನಾ ಹೊರಗ ಅಂತ ಹೊಟ್ಟಿಕಿಚ್ಚು."

"ನಂದಕ್ಕೂ ನೀ ಮೊದಲ ಅದ ಅಂದಿದ್ದಿ."

"ಆಗ ನಂಗ ತಿಳೀಲಿಲ್ಲ."

ಕುರಿ ಬಿಡಲು ಹೊರಟಿದ್ದ ಭರಮಣ್ಣ ದನಿ ಕೇಳಿ ಒಳಗೆ ಬಂದ. ಬಾಣಂತಿಯ ವಿಷಯ ಹೆಂಗಸರದು ಎಂದು ಮೂರು ದಿನ ಅವನು ಬಾಯಿ ತೆರೆದಿರಲಿಲ್ಲ. ಪ್ರಮಿಳಾ ಕದದ ಹಿಂದಿನಿಂದಲೇ ಅವನನ್ನು ಹಿಡಿದಳು.

"ಅಪ್ಪಾ, ಒಂದು ಮರಿ ಬಾಯಾಗ ಹುಣ್ಣಾದ್ರ ಏನ ಮಾಡ್ತಿ?"

"ಬ್ಯಾರೆ ಕಟ್ಟತೀನಿ."

"ಮರುದಿನ ಇನ್ನೊಂದಕ್ಕ ಅಂತಾದ್ದ ಹುಣ್ಣಾದ್ರ?"

"ಅದನ್ನೂ ಬ್ಯಾರೆ ಕಟ್ಟತೀನಿ."

"ಇದಕ್ಕಾಗಿದ್ದು ಹುಣ್ಣು, ಅದಕ್ಕಾಗಿದ್ದು ಉಷ್ಣ ಅಂತ ಬಿಡ್ತಿಯೇನು?"

ಭರಮಣ್ಣ ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. ಹೆಂಡತಿಯ ತುಟಿ ನೋಡಿದ. "ಕುರೀ ಮಾತ ಬ್ಯಾರೆ, ಮನಶ್ಯಾರ ಮಾತ ಬ್ಯಾರೆ," ಅಂದ; ಆದರೆ ಹೊರಗೆ ಹೋಗದೆ ಹೊಸ್ತಿಲ ಮೇಲೆ ಕೂತ.

ಸತ್ಯವ್ವ ಮತ್ತೆ ಬತ್ತಿ ಅದ್ದಿದಳು.

ಡಾಕ್ಟರ್ ಬಾಯಿ ಹೇಳಿದ್ದನ್ನು ಇನ್ನೊಮ್ಮೆ ಹೇಳಬಹುದಿತ್ತು. ಬಸ್ಸಿನಲ್ಲಿ ಹೇಳಿದ್ದಳು, ಕದ ಬಡಿಯುತ್ತ ಹೇಳಿದ್ದಳು, ಬೇಡಿಕೊಳ್ಳುತ್ತ ಹೇಳಿದ್ದಳು. ಒಮ್ಮೆಯೂ ಅದು ಕದ ದಾಟಿ ಹೋಗಿರಲಿಲ್ಲ. ಈ ಮನೆಯಲ್ಲಿ ಎಲ್ಲರನ್ನೂ ನಡುಗಿಸುವ ಮಾತು ಒಂದೇ ಇತ್ತು. ಆ ಮಾತು ಸುಳ್ಳೆಂದು ಮೂರು ದಿನ ಬಾಯಿ ಬಡಿದುಕೊಂಡವಳು ತಾನೇ. ಪ್ರಮಿಳಾ ಸುಮ್ಮನೆ ಗೋಡೆಗೆ ಒರಗಿ, ಕಾಡವ್ವ ಬರುವುದನ್ನು ಕಾದಳು. ಕಾಯುವಷ್ಟು ಹೊತ್ತೂ ಅವ್ವ ಬತ್ತಿಯನ್ನು ಎಷ್ಟು ಸಲ ಅದ್ದಿದಳೆಂದು ಬಿರುಕಿನಲ್ಲಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಕಾಡವ್ವ ಕಾವಿಯ ಬಟ್ಟಲು ಹಿಡಿದು ಬಂದಳು. ಚಿಲಕ ತೆಗೆದರು. ಅವಳು ಮುಂದೆ ಕೂತು ಬೆರಳು ಅದ್ದುವಷ್ಟರಲ್ಲಿ ಪ್ರಮಿಳಾ ಅವಳ ಮುಂಗೈ ಹಿಡಿದಳು.

"ಕಾಡವ್ವಾಯಿ, ಮೊದಲ ಅವ್ವಗ ಹಚ್ಚರಿ. ಆಕೀಗೂ ನಾಗೀಣ ಎದ್ದೈತಿ."

ಪಡಸಾಲೆಯಲ್ಲಿ ಬತ್ತಿ ಹಿಡಿದ ಕೈ ನಿಂತಿತು. "ಏನ ಮಾತಾಡ್ತಿ ಬೇ," ಅಂದಳು ಸತ್ಯವ್ವ. ದನಿ ಸಣ್ಣಗಾಗಿತ್ತು.

ಕಾಡವ್ವ ಎದ್ದು ಹೋಗಿ ಸತ್ಯವ್ವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಬಂದು ಪ್ರಮಿಳಾಳ ತುಟಿಯ ಮೇಲಿನ ಕಾವಿ ಒರೆಸಿ ನೋಡಿದಳು. ಮತ್ತೆ ಹೋಗಿ ಅದನ್ನು ನೋಡಿದಳು.

"ಜ್ವರದ ಗುಳ್ಳಿ ಅಲ್ಲೇನ ಇದು, ಹೇಳ ಕಾಡವ್ವಾ," ಅಂದಳು ಸತ್ಯವ್ವ.

"ಹೆಸರಿಡಾಕಿ ನಾ ಅಲ್ಲವ್ವ. ಹೆಸರು ನೀವ ಹೇಳ್ಕೊಂಡ ಬರ್ತೀರಿ, ನಾ ಕಾವಿ ಹಚ್ಚತೀನಿ. ಮಗಳ ತುಟೀಗೆ ಇದ್ದದ್ದ ನಿನ್ನ ತುಟೀಗೂ ಐತಿ. ಆಕೀದು ನಾಗೀಣ ಇದ್ರ ಇದೂ ನಾಗೀಣ. ಆಕೀದು ಒಣಗೈತಿ. ನಿಂದು ಹಸೀ ಐತಿ."

ಸತ್ಯವ್ವ ಕೈಯಲ್ಲಿದ್ದ ಬತ್ತಿಯನ್ನು ನೋಡಿದಳು. ಅದು ಮುಟ್ಟಿದ್ದು ಎಲ್ಲೆಲ್ಲಿ ಎನ್ನುವುದು ಅವಳಿಗೆ ಆಗ ಹೊಳೆದಿರಬೇಕು. ಬತ್ತಿ ಕೆಳಗೆ ಬಿತ್ತು. ಕೂಸನ್ನು ಎರಡೂ ಕೈಯಲ್ಲಿ ಮೈಯಿಂದ ದೂರ ಹಿಡಿದು, ಕಂಬಳಿಯ ಮೇಲೆ ಮಲಗಿಸಿ, ಹಿಂದೆ ಹಿಂದೆ ಸರಿದು ಗೋಡೆಗೆ ಹತ್ತಿ ನಿಂತಳು. ಪಡಸಾಲೆಯ ನಡುವೆ ಕೂಸು ಒಂದೇ ಬಿದ್ದು ಕಾಲು ಬಡಿಯಿತು. ಕಾಡವ್ವನ ಕೈತುಂಬ ಕಾವಿ. ಯಾರೂ ಮುಂದೆ ಬರಲಿಲ್ಲ.

ಭರಮಣ್ಣ ಹೊಸ್ತಿಲಿಂದ ಎದ್ದ. ಹಟ್ಟಿಯಲ್ಲಿ ಮಾತಾಡುವ ದನಿಯಲ್ಲಿ, "ಒಣಗಿದ್ದು ಹೊರಗ ಬರಲಿ. ಹಸೀದು ಒಳಗ ಹೋಗಲಿ," ಅಂದ.

ಪ್ರಮಿಳಾ ಮೊಣಕೈತನಕ ಸಾಬೂನು ಹಚ್ಚಿ ಕೈ ತೊಳೆದಳು. ತೊಳೆದ ಅರಿವೆಯೊಂದನ್ನು ಮೂಗು ಬಾಯಿ ಮುಚ್ಚುವಂತೆ ಬಿಗಿದು ಕಟ್ಟಿದಳು. ಎದುರಿಗೆ ಅವ್ವ ಉಣ್ಣೆ ಕೋಣೆಯ ಕಡೆ ನಡೆದು ಬಂದಳು; ಹಾದು ಹೋಗುವಾಗ ಮಗಳ ಸೆರಗು ತಾಗೀತೆಂದು ತನ್ನ ಸೀರೆಯನ್ನು ಮುದುಡಿ ಹಿಡಿದುಕೊಂಡಳು. ಕಾಡವ್ವ ಅವಳ ಬಾಯಿಯ ಸುತ್ತ ಕಾವಿ ಬಳಿದು ಹೊರಗೆ ಬಂದ ಮೇಲೆ, ಕದ ಅವಳೇ ಒಳಗಿನಿಂದ ಮುಚ್ಚಿದಳು.

ಕೂಸು ಎದೆಗೆ ಬಂತು. ಬಂದದ್ದು ಹಾಲು ಹಿಡಿಯಲಿಲ್ಲ. ತೊಟ್ಟು ಬಾಯಿಗಿಟ್ಟರೆ ಮುಖ ತಿರುಗಿಸಿತು, ಕಣ್ಣು ಮುಚ್ಚಿತು. ಹಾಲು ಬಿಟ್ಟು ಮಂಕಾಗಿ ಮಲಗಿದರೆ, ಅಂದಿದ್ದಳು ಡಾಕ್ಟರ್ ಬಾಯಿ. ಪ್ರಮಿಳಾ ಅದರ ಹಣೆಗೆ ಮುಂಗೈ ಇಟ್ಟಳು. ಬಿಸಿಯೋ, ತನ್ನ ಕೈಯೇ ತಣ್ಣಗಿದೆಯೋ ತಿಳಿಯಲಿಲ್ಲ. ಕಿವಿಗೆ ಹಚ್ಚಿ ನೋಡಿದಳು, ಅಂಗಾಲಿಗೆ ಹಚ್ಚಿ ನೋಡಿದಳು. ಹಾಲನ್ನು ಬೆರಳಿಂದ ಒತ್ತಿ ತುಟಿಯ ನಡುವೆ ಬಿಟ್ಟಳು. ಒಂದು ಹನಿ ಗಲ್ಲದ ಮೇಲೆ ಹರಿಯಿತು, ಒಂದು ಒಳಗೆ ಹೋಯಿತು.

"ಅಪ್ಪಾ, ಜೀಪು ನೋಡು. ಬೆಳಗಾವಿಗೆ ಹೋಗೂಣು. ಈಗ."

ಭರಮಣ್ಣ ಕುರಿಯನ್ನು ದೊಡ್ಡಿಯಲ್ಲೇ ಬಿಟ್ಟು ಗೇಟಿನ ಕಡೆ ಓಡಿದ.

ದಾರಿಯುದ್ದಕ್ಕೂ ಜನ ತುಂಬಿದ ಜೀಪಿನಲ್ಲಿ ಪ್ರಮಿಳಾ ಹಾಲು ಒತ್ತಿ ಒತ್ತಿ ಬಿಟ್ಟಳು. ಪಕ್ಕದ ಹೆಂಗಸು ಬಾಯಿಗೆ ಯಾಕೆ ಕಟ್ಟಿದ್ದೀ ಎಂದು ಕೇಳಿದಳು; ಪ್ರಮಿಳಾ ಕೂಸಿನ ತುಟಿಗೆ ಇನ್ನೊಂದು ಹನಿ ಬಿಟ್ಟಳು. ಬೆಳಗಾವಿ ಹತ್ತಿರ ಬಂದಾಗ ಕೂಸು ಒಮ್ಮೆ ತುಟಿ ಮುಂದೆ ಮಾಡಿ ತೊಟ್ಟನ್ನು ಹಿಡಿಯಿತು, ಎರಡು ಸಲ ಎಳೆಯಿತು, ಬಿಟ್ಟಿತು.

ಡಾಕ್ಟರ್ ಬಾಯಿ ಕೂಸಿನ ಅರಿವೆ ಬಿಚ್ಚಿ ತಲೆಯಿಂದ ಕಾಲತನಕ ನೋಡಿದಳು. ಬಾಯಿಯೊಳಗೆ ಬ್ಯಾಟರಿ ಬಿಟ್ಟು ನೋಡಿದಳು. ಜ್ವರ ಅಳೆದಳು. ಬತ್ತಿಯ ಸಂಗತಿ ಕೇಳಿದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ನೋಡಿದಳು.

"ಜ್ವರ ಇಲ್ಲ, ಗುಳ್ಳಿ ಇಲ್ಲ. ಮೂರು ದಿನ ಬತ್ತಿ ಚೀಪಿ ಎದಿ ಹಿಡಿಯೂದು ಮರತೈತಿ, ಹಿಡೀತೈತಿ. ಆದ್ರ ಇವತ್ತು ಏನೂ ಇಲ್ಲ ಅಂದ್ರ ನಾಳೆ ಬರೂದಿಲ್ಲ ಅಂತ ನಾ ಹೇಳಾಕ ಬರೂದಿಲ್ಲ. ಇನ್ನೂ ಎರಡು ಮೂರು ವಾರ ಕಣ್ಣಾಗ ಎಣ್ಣಿ ಬಿಟ್ಕೊಂಡ ನೋಡ್ರಿ. ದಿನಾ ಬಿಟ್ಟು ದಿನಾ ತಂದು ತೋರಸ್ರಿ. ಆಡಿನ ಹಾಲು ಬ್ಯಾಡ. ನಿಮ್ಮ ತಾಯಿ ಹೊಪ್ಪಳಿ ಉದುರೂ ತನಕ ಕೂಸಿನ ಮಾರಿ ಹಂತೇಕ ಬರಬಾರದು."

"ಬರಾಂಗಿಲ್ರಿ," ಅಂದಳು ಪ್ರಮಿಳಾ.

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಉಣ್ಣೆ ಕೋಣೆಯ ಕದ ಹಾಗೇ ಮುಚ್ಚಿತ್ತು. ಪ್ರಮಿಳಾ ಗೋಡೆಗೆ ಒರಗಿ ಕೂತು ಕೂಸನ್ನು ಎದೆಗೆ ಹಾಕಿಕೊಂಡಳು. ಈ ಸಲ ಹಿಡಿಯಿತು. ಎಳೆತ ಮೊದಲಿನಷ್ಟು ಜೋರಿರಲಿಲ್ಲ. ನಾಲ್ಕು ಗುಟುಕಿಗೊಮ್ಮೆ ನಿಂತು ಮತ್ತೆ ಎಳೆಯಿತು.

"ಏನಂದಳು?" ಕದದ ಹಿಂದಿನಿಂದ ಅವ್ವನ ದನಿ ಬಂತು.

"ಜ್ವರ ಇಲ್ಲ ಅಂದಳು."

"ಕುಡೀತೈತೇನು?"

"ಕುಡೀತೈತಿ."

"ಗುಳ್ಳಿ ಎದ್ದದ್ದು ನಿನ್ನೆ ಸಂಜೀಕ," ಅಂದಳು ಸತ್ಯವ್ವ. "ಅಲ್ಲಿಂದ ಇಲ್ಲೀತನಕ ಐದು ಸಲ ಕುಡಿಸೀನಿ. ರಾತ್ರಿ ಅಳತಿತ್ತು, ಹಣೀಗೆ ಮುದ್ದು ಕೊಟ್ಟೀನಿ. ಗಲ್ಲಕ್ಕೂ ಕೊಟ್ಟೀನಿ. ಎಷ್ಟ ಸಲ ಅಂತ ನೆಪ್ಪ ಆಗವಲ್ದು, ಪರ್ಮೀ."

ಪ್ರಮಿಳಾ ಮುತ್ತಲ ಎಲೆಯ ತುಂಡಿನ ಮೇಲೆ ಮುಲಾಮನ್ನು ಹಿಂಡಿ, ಕದದ ಕೆಳಗಿನ ಸಂದಿಯಲ್ಲಿ ಒಳಗೆ ನೂಕಿದಳು. "ಇದನ್ನ ಹಚ್ಕೋ. ರೈಲು ಹೋದಾಗೊಮ್ಮೆ."

"ಎರಡು ಔಷಧ ಕೂಡಬಾರದು."

"ನಾ ಮೂರು ದಿನ ಕೂಡಿಸೀನಿ ಬೇ. ನೋಡಿದಿ ಅಲ್ಲ, ಒಣಗೈತಿ."

ಎಲೆ ಒಳಗೆ ಸರಿದ ಸಪ್ಪಳ ಕೇಳಿತು. ಹಿಂದೆಯೇ ಅವ್ವ ಕೇಳಿದಳು: "ಪರ್ಮೀ. ಖರೇ ಹೇಳು. ಇದು ನಾಗೀಣ ಹೌದಲ್ಲ? ಸುತ್ತಿಕೊಂತೈತಿ ಅಲ್ಲ?"

ಅಲ್ಲ ಎನ್ನುವ ಒಂದು ಮಾತು ಬಾಯಿಗೆ ಬಂದಿತ್ತು. ಅದು ಜ್ವರದ ಗುಳ್ಳಿನೇ ಬೇ, ನೀನು ಮೊದಲು ಹೇಳಿದ್ದೇ ಖರೆ, ಎಂಟು ದಿನಕ್ಕೆ ಹೋಗುತ್ತದೆ, ನೀನು ಸಾಯುವುದಿಲ್ಲ. ಅಷ್ಟು ಹೇಳಿದರೆ ಅವ್ವ ಕದ ತೆರೆದು ಹೊರಗೆ ಬರುತ್ತಿದ್ದಳು. ಬಂದು ಕೂಸಿನ ಎದುರಿಗೆ ಕೂತು, ಅದು ಅತ್ತಾಗ ಒಮ್ಮೆ, ನಿದ್ದೆಯಲ್ಲಿ ನಕ್ಕಾಗ ಒಮ್ಮೆ, ತಡೆದುಕೊಳ್ಳಲಾರದೆ ಬಗ್ಗುತ್ತಿದ್ದಳು.

"ಹೌದು," ಅಂದಳು ಪ್ರಮಿಳಾ. "ಒಳಗ ಇರು."

ಕದದ ಹಿಂದೆ ಅವ್ವ ಅಳುತ್ತಿದ್ದಳೋ ಏನೋ, ಉಣ್ಣೆಯ ಮೂಟೆಗೆ ಮುಖ ಒತ್ತಿದರೆ ದನಿ ಹೊರಗೆ ಬರುವುದಿಲ್ಲ ಎಂಬುದು ಪ್ರಮಿಳಾಗೆ ಗೊತ್ತಿತ್ತು. ಅವಳು ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡು, ಮುಂಗೈಯನ್ನು ಅದರ ಹಣೆಯ ಮೇಲಿಟ್ಟು, ಅಲ್ಲಿಂದ ತೆಗೆಯಲಿಲ್ಲ.